ಹಡಗು ಹತ್ತಿ ಹೋದ ಮುತ್ತಜ್ಜನ ದ್ವೀಪಕ್ಕೆ ಹೊರಟಿದ್ದೀರಾ? ಮೊದಲು ನಂಬರ್ ಹುಡುಕಿ

ಕೆಲವು ಮನೆಗಳಲ್ಲಿ ಒಂದೇ ಒಂದು ಸಾಲು ಉಳಿದಿರುತ್ತದೆ. "ಅಜ್ಜನ ಅಣ್ಣ ಒಬ್ಬರಿದ್ರು, ಬರ ಬಂದಾಗ ಹಡಗು ಹತ್ತಿ ಯಾವುದೋ ದ್ವೀಪಕ್ಕೆ ಕಬ್ಬು ಕಡಿಯೋಕೆ ಹೋದ್ರಂತೆ, ಆಮೇಲೆ ಸುದ್ದೀನೇ ಇಲ್ಲ." ಹೋದವರ ಹೆಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರು ಗೊತ್ತು, ವರ್ಷ ಗೊತ್ತಿಲ್ಲ, ದ್ವೀಪ ಯಾವುದು ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ.

ನಮ್ಮ ತಾಯಿ ಕಡೆ ಇದ್ದದ್ದೂ ಇಂಥದೇ ಒಂದು ಸಾಲು. ಅದನ್ನು ಹಿಡಿದುಕೊಂಡು ನಾನು ಮಾರಿಷಸ್‌ಗೆ ಹೋಗಿ, ಅರ್ಧ ರಜೆಯನ್ನು ಸುಮ್ನೆ ಹಾಳು ಮಾಡಿಕೊಂಡು ಬಂದೆ. ಸಮುದ್ರ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೋದ ಕೆಲಸ ಆಗಬೇಕು ಅಂದರೆ ಹೊರಡುವ ಮೊದಲು ಏನು ಮಾಡಬೇಕು, ಅಲ್ಲಿ ಇಳಿದ ಮೇಲೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ನನಗೆ ಗೊತ್ತಾಗಿದ್ದು ವಾಪಸ್ ಬಂದ ಮೇಲೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಬ್ರಿಟಿಷರ ಕಾಲದಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಿಗಲಿಲ್ಲ. ಆಗ ಇಲ್ಲಿಂದ ಐದು ವರ್ಷದ ಕರಾರು ಬರೆಸಿಕೊಂಡು ಜನರನ್ನು ಹಡಗಲ್ಲಿ ಕರೆದೊಯ್ಯಲು ಶುರು ಮಾಡಿದರು. 'ಅಗ್ರಿಮೆಂಟ್' ಅನ್ನುವ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು, ಹೋದವರು ಗಿರ್ಮಿಟಿಯಾಗಳಾದರು. ಮಾರಿಷಸ್‌ಗೆ 1834ರ ನವೆಂಬರ್ 2ರಂದು 'ಅಟ್ಲಾಸ್' ಅನ್ನುವ ಹಡಗಲ್ಲಿ 36 ಜನ ಬಂದಿಳಿದರು. ಮುಂದೆ ಆ ಒಂದು ಪುಟ್ಟ ದ್ವೀಪಕ್ಕೇ ಸುಮಾರು ನಾಲ್ಕೂವರೆ ಲಕ್ಷ ಜನ ಬಂದರು. ಟ್ರಿನಿಡಾಡ್‌ಗೆ 1845ರಿಂದ, ಫಿಜಿಗೆ 1879ರಿಂದ. ಫ್ರೆಂಚರ ಕೈಲಿದ್ದ ರಿಯೂನಿಯನ್, ಮಾರ್ಟಿನಿಕ್, ಗ್ವಾಡಲೂಪ್‌ಗಳಿಗೆ ಪಾಂಡಿಚೇರಿ, ಕಾರೈಕಲ್ ಕಡೆಯಿಂದ ಹಡಗುಗಳು ಹೋದವು. 1920ರ ಹೊತ್ತಿಗೆ ಈ ಪದ್ಧತಿ ಪೂರ್ತಿ ನಿಂತಿತು.

ಮೊದಲ ಹೆಜ್ಜೆ: ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ

ಟಿಕೆಟ್ ಆಮೇಲೆ. ಮೊದಲು ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರ ಹತ್ತಿರ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟು, ಅವರು ಹೇಳಿದ ಹಾಗೇ ಹೇಳಲು ಬಿಡಿ. ಮಧ್ಯೆ ಬಾಯಿ ಹಾಕಿ "ಅದು ಮಾರಿಷಸ್ಸಾ?" ಅಂತ ಕೇಳಬೇಡಿ. ಕೇಳಿದರೆ "ಹ್ಞೂಂ, ಅದೇ ಇರಬೇಕು" ಅಂದುಬಿಡುತ್ತಾರೆ, ಅಲ್ಲಿಗೆ ನಿಮ್ಮ ಕಥೆ ದಾರಿ ತಪ್ಪಿತು. ಅವರ ಬಾಯಲ್ಲಿ ಬಂದ ಶಬ್ದವನ್ನು ಹಾಗೇ ಬರೆದುಕೊಳ್ಳಿ. ಉತ್ತರದ ಕಡೆಯವರು ಮಾರಿಷಸ್ಸನ್ನು 'ಮಿರಿಚ್ ದೇಶ' ಅಂತಿದ್ದರು, ಟ್ರಿನಿಡಾಡನ್ನು 'ಚೀನಿದಾದ್' ಅಂತಿದ್ದರು. ಸಕ್ಕರೆ ದೇಶ ಅಂತ ಆಸೆ ಹುಟ್ಟಿಸಿದ ಹಾಗೂ ಆಯಿತು. ನಿಮ್ಮ ಅಜ್ಜಿ ಹೇಳುವ ಸೊಟ್ಟ ಹೆಸರಿನೊಳಗೂ ಒಂದು ನಿಜವಾದ ಹೆಸರು ಕೂತಿರಬಹುದು.

ವರ್ಷ ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಸಂವತ್ಸರ ಕೇಳಿ. ಇದು ನನ್ನ ಅತ್ಯಂತ ಉಪಯೋಗದ ಸಲಹೆ, ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ನಮ್ಮ ದೊಡ್ಡಮ್ಮ "ಈಶ್ವರ ಸಂವತ್ಸರದ ಬರದಲ್ಲಿ ಹೋದದ್ದು" ಅಂತ ಹೇಳಿದ್ದರು. ನಾನು ಆಗ ಅದನ್ನು ಬರೆದುಕೊಳ್ಳಲೇ ಇಲ್ಲ! ಸಂವತ್ಸರಗಳು 60 ವರ್ಷಕ್ಕೊಮ್ಮೆ ಸುತ್ತುತ್ತವೆ. ಧಾತು ಅಂದರೆ 1876–77, ಈಶ್ವರ ಅಂದರೆ 1877–78. ಅದೇ ಮೈಸೂರು ಸೀಮೆಯನ್ನೂ ಮದ್ರಾಸ್ ಪ್ರಾಂತ್ಯವನ್ನೂ ಹಿಂಡಿದ ದೊಡ್ಡ ಬರ. 60 ಹಿಂದೆ ಹೋದರೆ 1817, ಆಗ ಈ ಹಡಗುಗಳೇ ಇರಲಿಲ್ಲ. 60 ಮುಂದೆ ಹೋದರೆ 1937, ಆಗ ಎಲ್ಲ ಮುಗಿದಿತ್ತು. ಹಾಗಾಗಿ ಒಂದು ಸಂವತ್ಸರದ ಹೆಸರು ಸಿಕ್ಕಿದರೆ ಬಹುತೇಕ ವರ್ಷವೇ ಸಿಕ್ಕಿದ ಹಾಗೆ.

ಆಮೇಲೆ ಕೇಳಬೇಕಾದದ್ದು ಹೋದವರ ಅಪ್ಪನ ಹೆಸರು. ಹೋದವರ ಹೆಸರಿಗಿಂತ ಇದು ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೈಮೇಲೆ ಮಚ್ಚೆ, ಹಳೆ ಗಾಯ, ಕುಂಟು, ಬೆರಳು ತುಂಡಾದದ್ದು, ಹಚ್ಚೆ ಇಂಥದ್ದೇನಾದರೂ ಮನೆಯಲ್ಲಿ ನೆನಪಿದ್ದರೆ ಅದನ್ನೂ ಬರೆದುಕೊಳ್ಳಿ. ನಗಬೇಡಿ, ಹೋದವರ ವಿವರ ಬರೆದಿಟ್ಟ ರಿಜಿಸ್ಟರ್‌ನಲ್ಲಿ ಅದಕ್ಕೇ ಒಂದು ಕಾಲಂ ಇದೆ. ಪೆಟ್ಟಿಗೆಯಲ್ಲಿ ಹಳೆ ಕಾಗದ, ಮನಿ ಆರ್ಡರ್ ಚೀಟಿ, ಪಾಲು ಪತ್ರ ಇದ್ದರೆ ಎರಡೂ ಮಗ್ಗುಲು ಫೋಟೋ ತೆಗೆದಿಡಿ. ಪಾಲು ಪತ್ರದಲ್ಲಿ ಒಬ್ಬ ಅಣ್ಣತಮ್ಮನ ಹೆಸರು ಇದ್ದಕ್ಕಿದ್ದ ಹಾಗೆ ಮಾಯವಾಗಿದ್ದರೆ ಅದೂ ಒಂದು ಸುಳಿವೇ.

ಎರಡನೆಯದು: ಯಾವ ದ್ವೀಪ ಅಂತ ಲೆಕ್ಕ ಹಾಕಿ

ವರ್ಷ ಮತ್ತು ಊರು ಇದ್ದರೆ ದ್ವೀಪವನ್ನು ಅರ್ಧಕ್ಕರ್ಧ ಊಹಿಸಬಹುದು.

ಫಿಜಿಗೆ ಮೊದಲ ಹಡಗು 'ಲಿಯೊನಿಡಾಸ್' 1879ರ ಮೇ 14ರಂದು ತಲುಪಿತು, ಆದರೆ ಅದು ಹೊರಟದ್ದು ಕಲ್ಕತ್ತೆಯಿಂದ. ಮದ್ರಾಸಿನಿಂದ ಫಿಜಿಗೆ ಜನ ಹೋಗಲು ಶುರುವಾದದ್ದು 1903ರಲ್ಲಿ, ನಿಂತದ್ದು 1916ರಲ್ಲಿ. ಒಟ್ಟು 60,965 ಜನ ಹೊರಟವರಲ್ಲಿ ದಕ್ಷಿಣದವರು ಸುಮಾರು 15,000. ಅಂದರೆ ನಿಮ್ಮ ಮುತ್ತಜ್ಜ ಧಾತು ಈಶ್ವರ ಬರದಲ್ಲಿ ನಮ್ಮ ಕಡೆಯಿಂದ ಹೋಗಿದ್ದರೆ ಫಿಜಿ ಆಗಿರಲು ಸಾಧ್ಯವೇ ಇಲ್ಲ ಅನ್ನುವಷ್ಟು ಕಷ್ಟ. ಮಾರಿಷಸ್, ಇಲ್ಲಾ ಫ್ರೆಂಚ್ ದ್ವೀಪಗಳನ್ನು ಮೊದಲು ನೋಡಿ. ದ್ವೀಪ ಅಂತ ಮನೆಯಲ್ಲಿ ಹೇಳುತ್ತಿದ್ದರೂ ಅದು ದಕ್ಷಿಣ ಆಫ್ರಿಕಾದ ನಟಾಲ್ ಆಗಿರುವ ಸಾಧ್ಯತೆಯನ್ನೂ ತಲೆಯಲ್ಲಿಟ್ಟುಕೊಳ್ಳಿ. ಅಜ್ಜಿಗೆ ಹಡಗು ಹತ್ತಿ ಹೋಗುವ ಜಾಗ ಎಲ್ಲವೂ ದ್ವೀಪವೇ. ಟ್ರಿನಿಡಾಡ್‌ಗೆ ಹೋದವರಲ್ಲಿ ಬಹುಪಾಲು ಕಲ್ಕತ್ತೆಯಿಂದ ಹೊರಟವರು, ಮದ್ರಾಸಿನವರು ಕಡಿಮೆ.

ಇನ್ನು ಊರಿನ ವಿಷಯ. ಈಗಿನ ಕರ್ನಾಟಕದ ನಕ್ಷೆ ಇಟ್ಟುಕೊಂಡು ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಆಗ ಆ ನಕ್ಷೆಯೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು, ಮತ್ತು ಬೊಂಬಾಯಿ ಬಂದರಿನಿಂದಲೂ ಮಾರಿಷಸ್‌ಗೆ ಹಡಗುಗಳು ಹೋಗಿವೆ. ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯ. ಕೊಳ್ಳೇಗಾಲ 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹಾಗಾಗಿ ಕೊಳ್ಳೇಗಾಲದವರು ಕಾಗದದಲ್ಲಿ ಕೊಯಮತ್ತೂರಿನವರಾಗಿ ಸಿಗುತ್ತಾರೆ. ಮೈಸೂರು ಸಂಸ್ಥಾನದವರಾದರೆ ಜಿಲ್ಲೆಯ ಜಾಗದಲ್ಲಿ ಬರೀ 'ಮೈಸೂರು' ಅಂತ ಬರೆದಿರುವುದುಂಟು. ಅದನ್ನು ನೋಡಿ ಮೈಸೂರು ನಗರ ಅಂದುಕೊಳ್ಳಬೇಡಿ. ಕೋಲಾರದವರೂ ಅದರೊಳಗೇ ಬರುತ್ತಾರೆ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. 1864ರಲ್ಲಿ ಬೆಂಗಳೂರು ದಂಡಿಗೆ ರೈಲು ಬಂದ ಮೇಲೆ ಆ ಕಡೆಯವರಿಗೆ ಮದ್ರಾಸು ದೂರವೇನೂ ಇರಲಿಲ್ಲ.

ಹಳೆ ತಾಲ್ಲೂಕು, ಹಳೆ ಜಿಲ್ಲೆ, ಹಳೆ ಊರ ಹೆಸರು ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯದು: ಹೆಸರು ನಂಬಬೇಡಿ

ನನ್ನ ತಪ್ಪು ಇಲ್ಲೇ ಆದದ್ದು. ನಾನು 'ಮುನಿಯಪ್ಪ' ಅನ್ನುವ ಹೆಸರು ಹಿಡಿದುಕೊಂಡು ಹೋದೆ. ಹುಡುಕಿಕೊಡಲು ಕೂತವರು ಬಹಳ ತಾಳ್ಮೆಯಿಂದ ಕೇಳಿದರು: ಯಾವ ವರ್ಷ, ಯಾವ ಹಡಗು, ನಂಬರ್ ಇದೆಯಾ? ನನ್ನ ಹತ್ತಿರ ಒಂದೂ ಇರಲಿಲ್ಲ. ಮುನಿಯಪ್ಪ ಅಂತ ಹುಡುಕುವುದು ಅಂದರೆ ಮದ್ರಾಸ್ ಸೆಂಟ್ರಲ್‌ನಲ್ಲಿ ನಿಂತು "ಏ ರಾಜಾ" ಅಂತ ಕೂಗಿದ ಹಾಗೆ.

ಹೆಸರು ಯಾಕೆ ಕೈಕೊಡುತ್ತದೆ ಅಂದರೆ, ಬರೆದವನು ಕಿವಿಗೆ ಬಿದ್ದ ಹಾಗೆ ಬರೆದ. ಕನ್ನಡದವನು ಹೇಳಿದ್ದನ್ನು ಮದ್ರಾಸಿನ ಗುಮಾಸ್ತ ತನ್ನ ಕಿವಿಯಲ್ಲಿ ಕೇಳಿಸಿಕೊಂಡ, ಅದನ್ನು ಆ ಕಡೆ ಇಳಿಸಿಕೊಂಡವರು ಫ್ರೆಂಚ್ ಉಚ್ಚಾರಕ್ಕೆ ಹೊಂದಿಸಿ ಮತ್ತೆ ಬರೆದರು. ಆರುಮುಗಂ ಅನ್ನುವುದು 'ಆರ್ಮೂಗಮ್' ಆಯಿತು, ವೀರಪ್ಪನ್ 'ವೀರಾಪೆನ್' ಆಯಿತು, ರಾಮಸ್ವಾಮಿ 'ರಾಮಸೌಮಿ' ಆಯಿತು. ಅಪ್ಪನ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಗಿ ಅಂಟಿಕೊಂಡಿತು. ಹಾಗಾಗಿ ಹುಡುಕುವ ಹೆಸರಿಗೆ ಇಂಗ್ಲಿಷ್‌ನಲ್ಲಿ ಎಷ್ಟು ಥರ ಕಾಗುಣಿತ ಬರಬಹುದೋ ಅಷ್ಟನ್ನೂ ಮೊದಲೇ ಬರೆದುಕೊಂಡು ಹೋಗಿ. ಉಕಾರಕ್ಕೆ ಎರಡು ಮೂರು ರೀತಿ, ಕಕಾರಕ್ಕೆ ಎರಡು ರೀತಿ, ಕೊನೆಯ ಅಕ್ಷರ ಇದ್ದರೂ ಇರಬಹುದು ಬಿಟ್ಟರೂ ಬಿಟ್ಟಿರಬಹುದು.

ಇದೆಲ್ಲದರ ಮಧ್ಯೆ ಬದಲಾಗದೆ ಉಳಿದದ್ದು ನಂಬರ್ ಒಂದೇ. ಮಾರಿಷಸ್‌ನಲ್ಲಿ ಇಳಿದ ಪ್ರತಿಯೊಬ್ಬರಿಗೂ ಒಂದು ವಲಸೆ ನಂಬರ್ ಕೊಡುತ್ತಿದ್ದರು. ಒಬ್ಬರ ನಂಬರ್ ಇನ್ನೊಬ್ಬರಿಗಿಲ್ಲ. ಅವರು ತೋಟ ಬದಲಾಯಿಸಲಿ, ಮದುವೆಯಾಗಲಿ, ಸಾಯಲಿ, ಕಾಗದದಲ್ಲಿ ಆ ನಂಬರ್ ಹಿಂದೆಯೇ ಬರುತ್ತದೆ. ಫಿಜಿಯಲ್ಲಾದರೆ ಎಮಿಗ್ರೇಶನ್ ಪಾಸ್ ಅಂತ ಇದೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ: ನಂಬರ್, ಹಡಗಿನ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗುರುತು. ನೀವು ಹುಡುಕುತ್ತಿರುವುದು ಈ ಒಂದು ಸಾಲು ಅಥವಾ ಒಂದು ಹಾಳೆ. ಅದು ಸಿಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇಲ್ಲಿಂದ ಹೋಗುವ ನಮಗೆ ಕಷ್ಟ ಏನೆಂದರೆ ನಂಬರ್ ಇರುವುದು ಆ ಕಡೆಯವರ ಮನೆಗಳಲ್ಲಿ. ಅಲ್ಲಿನ ಮೊಮ್ಮಕ್ಕಳು ತಮ್ಮ ಅಜ್ಜನ ಜನನ ಪತ್ರ, ಮದುವೆ ಪತ್ರದಿಂದ ಹಿಂದಕ್ಕೆ ಹೋಗಿ ನಂಬರ್ ಹಿಡಿಯುತ್ತಾರೆ. ನಾವು ಮುಂದಕ್ಕೆ ಹೋಗಬೇಕು. ವರ್ಷದ ಅಂದಾಜು, ಬಂದರು, ಜಿಲ್ಲೆ ಇಟ್ಟುಕೊಂಡು ಆ ಕಾಲದ ಹಡಗುಗಳ ಪಟ್ಟಿ ನೋಡಿ, ಅದರಲ್ಲಿ ಆ ಹೆಸರಿನವರನ್ನೆಲ್ಲ ತೆಗೆದು, ಅಪ್ಪನ ಹೆಸರಿನಿಂದ ಸೋಸಬೇಕು. ಅದಕ್ಕೇ ಅಪ್ಪನ ಹೆಸರು ಮುಖ್ಯ ಅಂದದ್ದು. ಹಡಗು ಹತ್ತಿಸುವ ಮೊದಲು ಜನರನ್ನು ಇರಿಸುತ್ತಿದ್ದ ಡಿಪೋದಲ್ಲಿ ತನ್ನ ಹೆಸರು ಸುಳ್ಳು ಹೇಳಿದವನು ಅಪ್ಪನ ಹೆಸರಿಗೆ ಬಂದಾಗ ನಿಜ ಹೇಳಿಬಿಡುತ್ತಾನೆ ಅಂತ ನನಗೊಂದು ನಂಬಿಕೆ. ಇದಕ್ಕೆ ಆಧಾರ ಏನೂ ಕೇಳಬೇಡಿ.

ಜಾತಿ ಕಾಲಂ ಮೇಲೆ ಮಾತ್ರ ಭಾರ ಹಾಕಬೇಡಿ. ಹಡಗು ಹತ್ತುವಾಗ ಜಾತಿ ಬದಲಿಸಿ ಹೇಳಿದವರು ಎಷ್ಟೋ ಜನ. ಕೆಲವರು ಅದನ್ನು ಬಿಟ್ಟು ಹೋಗುವುದಕ್ಕೇ ಹಡಗು ಹತ್ತಿದ್ದು.

ಹೆಂಗಸರನ್ನು ಹುಡುಕುವುದು ಇನ್ನೂ ಕಷ್ಟ, ಆದರೆ ಬಿಡಬೇಡಿ. ಫಿಜಿ ಹಡಗುಗಳಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕು ಅನ್ನುವ ನಿಯಮ ಇತ್ತು. ಒಂಟಿಯಾಗಿ ಹೋದವರು, ಮನೆ ಬಿಟ್ಟು ಹೋದವರು, ಗಂಡ ಸತ್ತವರು ಇವರಲ್ಲಿ ಇದ್ದರು. ಮನೆಯಲ್ಲಿ ಇಂಥವರ ಬಗ್ಗೆ "ಸತ್ತು ಹೋದಳು" ಅಂತ ಮಾತ್ರ ಹೇಳಿರುತ್ತಾರೆ. ಸತ್ತ ದಿನ, ತಿಥಿ ಯಾರಿಗೂ ಗೊತ್ತಿಲ್ಲ ಅಂದರೆ ಅನುಮಾನ ಪಡಿ.

ನಾಲ್ಕನೆಯದು: ಕೂತಲ್ಲೇ ಆಗುವಷ್ಟು ಮಾಡಿ

ಭಾರತದ ರಾಷ್ಟ್ರೀಯ ಪತ್ರಾಗಾರದವರ 'ಅಭಿಲೇಖ್ ಪಟಲ್' ಅನ್ನುವ ಜಾಲತಾಣದಲ್ಲಿ ವಲಸೆಗೆ ಸಂಬಂಧಿಸಿದ ಹಳೆ ಸರ್ಕಾರಿ ಕಡತಗಳನ್ನು ಹುಡುಕಬಹುದು. ಚೆನ್ನೈನ ಎಗ್ಮೋರ್‌ನಲ್ಲಿ ತಮಿಳುನಾಡು ಪತ್ರಾಗಾರ ಇದೆ, ಮದ್ರಾಸ್ ಸರ್ಕಾರದ ಕಡತಗಳು ಅಲ್ಲಿವೆ. ಇವುಗಳಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಯಾವ ವರ್ಷ ಯಾವ ಬಂದರಿನಿಂದ ಯಾವ ಹಡಗು ಎಲ್ಲಿಗೆ ಹೋಯಿತು ಅನ್ನುವುದು ಸಿಗುತ್ತದೆ, ಅಷ್ಟು ಸಾಕು. ಜನರ ಹೆಸರಿನ ಪಟ್ಟಿ ಇರುವುದು ಹೆಚ್ಚಾಗಿ ಇಳಿದ ಕಡೆ.

ಫ್ರೆಂಚ್ ದ್ವೀಪಗಳಾದರೆ ಒಂದು ಅನುಕೂಲ. ಫ್ರಾನ್ಸಿನ ಎಕ್ಸ್ ಆನ್ ಪ್ರೊವಾನ್ಸ್ ಅನ್ನುವ ಊರಿನಲ್ಲಿರುವ ಸಾಗರೋತ್ತರ ಪತ್ರಾಗಾರದವರು ಹಳೆ ವಸಾಹತುಗಳ ಜನನ, ಮದುವೆ, ಮರಣ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿದ್ದಾರೆ. ಪುಕ್ಕಟೆ. ಕೈಬರಹದ ಫ್ರೆಂಚ್ ಓದಲು ಕಣ್ಣು ಪಳಗಬೇಕು, ಆದರೆ ಒಂದೇ ನಮೂನೆಯ ವಾಕ್ಯಗಳೇ ಮತ್ತೆ ಮತ್ತೆ ಬರುವುದರಿಂದ ವಾರದಲ್ಲಿ ಅಭ್ಯಾಸ ಆಗುತ್ತದೆ.

ಮಾರಿಷಸ್‌ನ ವಲಸೆ ದಾಖಲೆಗಳು ಮೋಕಾ ಅನ್ನುವ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಪೋರ್ಟ್ ಲೂಯಿಗೆ ಹತ್ತಿರವೇ. ಫಿಜಿಯದ್ದು ರಾಜಧಾನಿ ಸುವಾದ ರಾಷ್ಟ್ರೀಯ ಪತ್ರಾಗಾರದಲ್ಲಿ. ಟ್ರಿನಿಡಾಡ್‌ನದ್ದು ಪೋರ್ಟ್ ಆಫ್ ಸ್ಪೇನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ. ಹೋಗುವ ಕನಿಷ್ಠ ಎರಡು ತಿಂಗಳ ಮೊದಲೇ ಇಮೇಲ್ ಬರೆಯಿರಿ. ಇಮೇಲ್ ಚಿಕ್ಕದಾಗಿರಲಿ. ಮನೆತನದ ಇತಿಹಾಸ ಎಲ್ಲ ಬರೆಯಬೇಡಿ. ಹೆಸರು, ಬೇರೆ ಬೇರೆ ಕಾಗುಣಿತ, ಅಪ್ಪನ ಹೆಸರು, ವರ್ಷದ ಅಂದಾಜು, ಬಂದರು, ಜಿಲ್ಲೆ. ನೀವು ಬರುವ ದಿನಾಂಕ. ಏನೇನು ಕಾಗದ ತರಬೇಕು, ಶುಲ್ಕ ಎಷ್ಟು, ಫೋಟೋ ತೆಗೆಯಬಹುದಾ. ಮುಗಿಯಿತು.

ಐದನೆಯದು: ಟಿಕೆಟ್ ಮತ್ತು ದಿನಗಳ ಲೆಕ್ಕ

ಟ್ರಾವೆಲ್ ಏಜೆಂಟ್ ಹತ್ತಿರ ಹೋದರೆ ಅವರು ಬೀಚ್ ರೆಸಾರ್ಟ್, ಕ್ರೂಸ್, ಡಾಲ್ಫಿನ್ ಅಂತ ಆರು ದಿನ ತುಂಬಿಸಿ ಕೈಗೆ ಕೊಡುತ್ತಾರೆ. ನನಗೂ ಹಾಗೇ ಕೊಟ್ಟರು. ಆರ್ಕೈವ್ಸ್‌ಗೆ ಹೋಗುವವರ ಲೆಕ್ಕ ಬೇರೆ. ಕಚೇರಿ ಕೆಲಸದ ದಿನ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ ಟಿಕೆಟ್ ಮಾಡಿಸಿ. ಭಾನುವಾರ ಇಳಿಯಿರಿ, ಸೋಮವಾರದಿಂದ ಕೆಲಸ ಶುರು ಮಾಡಿ, ಸಮುದ್ರವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಿ. ಅದು ಎಲ್ಲೂ ಹೋಗುವುದಿಲ್ಲ.

ನಾನು ಮಾಡಿದ್ದು ಏನು ಗೊತ್ತಾ? ನವೆಂಬರ್ 1ರ ಗುರುವಾರ ಸಂಜೆ ಇಳಿದೆ. ಮರುದಿನ ನವೆಂಬರ್ 2. ಅಟ್ಲಾಸ್ ಹಡಗು ಬಂದ ದಿನ, ಇಡೀ ದೇಶಕ್ಕೆ ರಜೆ. ಆಮೇಲೆ ಶನಿವಾರ, ಭಾನುವಾರ. ನನ್ನ ಮುತ್ತಜ್ಜನಂಥವರು ಬಂದಿಳಿದದ್ದರ ನೆನಪಿಗೆ ಕೊಟ್ಟ ರಜೆಯಿಂದಲೇ ನನ್ನ ಮುತ್ತಜ್ಜನನ್ನು ಹುಡುಕುವ ಮೂರು ದಿನ ಹೋಯಿತು. ಟ್ರಿನಿಡಾಡ್‌ನಲ್ಲಿ ಇದೇ ರೀತಿ ಮೇ 30 ರಜೆ. ಫಿಜಿಯಲ್ಲೂ ಈಗ ಮೇ ತಿಂಗಳಲ್ಲಿ ಗಿರ್ಮಿಟ್ ದಿನದ ರಜೆ ಇದೆ. ಆ ದಿನದ ಕಾರ್ಯಕ್ರಮ ನೋಡಬೇಕೆಂದೇ ಹೋಗುವವರು ಬೇರೆ. ಇಲ್ಲದಿದ್ದರೆ ಆ ದೇಶದ ರಜೆ ಪಟ್ಟಿಯನ್ನು ಮೊದಲೇ ತೆಗೆದು ನೋಡಿ.

ಹವಾಮಾನ ಚಿಕ್ಕದಾಗಿ ಹೇಳುತ್ತೇನೆ. ಮಾರಿಷಸ್, ರಿಯೂನಿಯನ್, ಫಿಜಿ ಈ ಮೂರೂ ಕಡೆ ನವೆಂಬರ್‌ನಿಂದ ಏಪ್ರಿಲ್ ತನಕ ಚಂಡಮಾರುತದ ಕಾಲ. ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್. ಮಾರಿಷಸ್‌ಗಾದರೆ ಮೇ ಇಂದ ಅಕ್ಟೋಬರ್ ಒಳ್ಳೆಯದು, ಸೆಖೆಯೂ ಕಡಿಮೆ.

ಮುಂಬೈಯಿಂದ ಮಾರಿಷಸ್‌ಗೆ ನೇರ ವಿಮಾನ ಇದೆ. ಫಿಜಿಗೆ ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು, ಆಸ್ಟ್ರೇಲಿಯಾ ಮೇಲೆ ಹೋಗುವುದಾದರೆ ಟ್ರಾನ್ಸಿಟ್ ವೀಸಾ ವಿಷಯ ಮೊದಲೇ ನೋಡಿಕೊಳ್ಳಿ. ಇನ್ನೊಂದು, ಫಿಜಿಯ ದೊಡ್ಡ ವಿಮಾನ ನಿಲ್ದಾಣ ಇರುವುದು ನಾಡಿಯಲ್ಲಿ, ದ್ವೀಪದ ಪಶ್ಚಿಮ ತುದಿ. ಪತ್ರಾಗಾರ ಇರುವ ಸುವಾ ಪೂರ್ವದಲ್ಲಿದೆ. ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆ. ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುತ್ತದೆ ಅಂತ ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ ಅಂದುಕೊಳ್ಳಬೇಡಿ. ರಿಯೂನಿಯನ್, ಮಾರ್ಟಿನಿಕ್, ಗ್ವಾಡಲೂಪ್ ಫ್ರಾನ್ಸಿನ ಭಾಗವೇ, ಖರ್ಚು ಯೂರೋದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇದ್ದರೆ ಸಾಕು ಅಂತ ತಿಳಿಯಬೇಡಿ, ಈ ದ್ವೀಪಗಳು ಷೆಂಗೆನ್ ಒಳಗೆ ಬರುವುದಿಲ್ಲ.

ಟ್ರಿನಿಡಾಡ್‌ಗೆ ಹೋಗುವವರು ಹಳದಿ ಜ್ವರದ ಲಸಿಕೆ ಮರೆಯಬೇಡಿ. ಹೋಗುವಾಗ ಅಲ್ಲ, ಬರುವಾಗ ತೊಂದರೆ. ಅಲ್ಲಿಂದ ವಾಪಸ್ ಬಂದವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್‌ಗೆ ಕಳಿಸುತ್ತಾರೆ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲೆಯೇ ಸರ್ಟಿಫಿಕೇಟ್‌ಗೆ ಬೆಲೆ ಬರುವುದು.

ಆರನೆಯದು: ಇಳಿದ ಮೇಲೆ ಮೊದಲು ಕಾಗದ, ಆಮೇಲೆ ಕಲ್ಲು

ಪೋರ್ಟ್ ಲೂಯಿಯ ಬಂದರಿನ ಪಕ್ಕದಲ್ಲಿ ಆಪ್ರವಾಸಿ ಘಾಟ್ ಇದೆ. 1849ರಲ್ಲಿ ಕಟ್ಟಿದ ವಲಸೆ ಡಿಪೋ, ಈಗ ಉಳಿದಿರುವುದು ಸ್ವಲ್ಪ ಭಾಗ. 2006ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಹಡಗಿನಿಂದ ಇಳಿದವರು ಹತ್ತಿ ಬಂದ 16 ಕಲ್ಲಿನ ಮೆಟ್ಟಿಲುಗಳು ಅಲ್ಲಿವೆ. ಎಲ್ಲರೂ ಮೊದಲ ದಿನವೇ ಅಲ್ಲಿಗೆ ಓಡುತ್ತಾರೆ, ನಾನೂ ಓಡಿದೆ, ರಜೆ ದಿನ ಬೇರೇನು ಮಾಡುವುದು. ಜನ ಇದ್ದರು, ಭಾಷಣ ಇತ್ತು, ಹೂವು ಇತ್ತು. ನನಗೆ ಏನೂ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ. ಮೆಟ್ಟಿಲು ಮೆಟ್ಟಿಲ ಹಾಗೇ ಕಂಡಿತು.

ಮಂಗಳವಾರ ಮೋಕಾದಲ್ಲಿ ರಿಜಿಸ್ಟರ್ ನೋಡಿ, ಒಂದು ಹಡಗಿನ ಹೆಸರೂ ಇಳಿದ ತಾರೀಕೂ ತಿಳಿದ ಮೇಲೆ, ಬುಧವಾರ ಮತ್ತೆ ಹೋದೆ. ಆಗ ಜನ ಇರಲಿಲ್ಲ. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ, ಐದಡಿ ಮೂರಂಗುಲ, ಎಡ ಮೊಣಕಾಲಿನ ಮೇಲೆ ಗಾಯದ ಗುರುತು, ಈ ಮೆಟ್ಟಿಲು ಹತ್ತಿದ. ಅವನು ನಮ್ಮವನೋ ಅಲ್ಲವೋ ಆಗಿನ್ನೂ ಗೊತ್ತಿರಲಿಲ್ಲ. ಆದರೂ ಹದಿನಾರು ಮೆಟ್ಟಿಲು ಎಣಿಸಿಕೊಂಡೇ ಹತ್ತುತ್ತಿದ್ದ ಹಾಗೆ ಕಣ್ಣಿಗೆ ಕಟ್ಟಿತು. ಹಾಗಾಗಿ ನನ್ನ ಮಾತು ಕೇಳಿ, ಮೊದಲು ಆರ್ಕೈವ್ಸ್, ಆಮೇಲೆ ಘಾಟ್. ಪಕ್ಕದಲ್ಲೇ ಮಾಹಿತಿ ಕೇಂದ್ರ ಇದೆ, ಅದಕ್ಕೂ ಎರಡು ಗಂಟೆ ಇಟ್ಟುಕೊಳ್ಳಿ.

ರಿಜಿಸ್ಟರ್ ನೋಡುವಾಗ ಅವಸರ ಬೇಡ. ಸಾಲಿನ ಕೊನೆಯ ಕಾಲಂ ತನಕ ಓದಿ. ಯಾವ ತೋಟಕ್ಕೆ ಕಳಿಸಿದರು, ಯಾವಾಗ ಸತ್ತರು, ಇಲ್ಲಾ ಯಾವ ಹಡಗಲ್ಲಿ ವಾಪಸ್ ಹೋದರು ಅನ್ನುವ ಟಿಪ್ಪಣಿ ಅಂಚಿನಲ್ಲಿ ಚಿಕ್ಕದಾಗಿ ಬರೆದಿರಬಹುದು. ಮಾರಿಷಸ್‌ಗೆ ಹೋದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ವಾಪಸ್ ಬಂದಿದ್ದಾರೆ. ನಿಮ್ಮವರು ಮದ್ರಾಸಿನ ತನಕ ಬಂದು ಊರಿಗೆ ಬರದೆ ಉಳಿದಿರಲೂಬಹುದು. 1860ರ ದಶಕದಿಂದ ಮುಂದಿನ ಕೆಲವರದ್ದು ಫೋಟೋ ಕೂಡ ಇದೆ. ಸಿಕ್ಕಿದರೆ ಅದು ಅದೃಷ್ಟ. ಮೇಲೆ ಕೆಳಗೆ ಇರುವ ಹೆಸರುಗಳನ್ನೂ ಬರೆದುಕೊಳ್ಳಿ. ಒಂದೇ ಊರಿನವರು, ಒಂದೇ ಮನೆಯವರು ಸಾಲಾಗಿ ನಿಂತಿರುತ್ತಾರೆ, ಆದ್ದರಿಂದ ನಂಬರ್ ಕೂಡ ಅಕ್ಕಪಕ್ಕವೇ ಬರುತ್ತದೆ. ನನಗೆ ಊರಿನ ಹೆಸರು ಬಿಡಿಸಲು ಆದದ್ದು ಹೀಗೆಯೇ. ನಮ್ಮವನ ಸಾಲಿನಲ್ಲಿ ಶಾಯಿ ಹರಡಿತ್ತು, ಕೆಳಗಿನವನ ಸಾಲಿನಲ್ಲಿ ಅದೇ ಊರು ನೀಟಾಗಿತ್ತು.

ತೋಟದ ಹೆಸರು ಸಿಕ್ಕ ಮೇಲೆ ಅಲ್ಲಿಗೆ ಹೋಗಿ. ಹಳೆ ಕಾಲದಲ್ಲಿ ನೂರಾರು ಸಕ್ಕರೆ ಗಿರಣಿಗಳಿದ್ದ ದ್ವೀಪದಲ್ಲಿ ಈಗ ಬೆರಳೆಣಿಕೆಯಷ್ಟೇ ಉಳಿದಿವೆ, ಆದರೆ ಹಳೆ ಹೊಗೆ ಕೊಳವೆಗಳು ಕಬ್ಬಿನ ಗದ್ದೆ ಮಧ್ಯೆ ಅಲ್ಲಲ್ಲಿ ನಿಂತಿವೆ. ತ್ರಿಯಾನೊನ್‌ನಲ್ಲಿ ಕೂಲಿಗಳ ಹಳೆ ಕಲ್ಲಿನ ಬ್ಯಾರಕ್‌ಗಳಿವೆ. ಬೋ ಪ್ಲಾನ್‌ನಲ್ಲಿ 1999ರಲ್ಲಿ ಮುಚ್ಚಿದ ಗಿರಣಿಯೇ ಈಗ ಸಕ್ಕರೆ ಮ್ಯೂಸಿಯಂ. ಫಿಜಿಯಲ್ಲಾದರೆ ಸುವಾದ ಎದುರಿನ ನುಕುಲಾವು ದ್ವೀಪ ಕ್ವಾರಂಟೈನ್ ಜಾಗ ಆಗಿತ್ತು. 1884ರ ಮೇ 11ರಂದು 'ಸಿರಿಯಾ' ಅನ್ನುವ ಹಡಗು ನಸಿಲಾಯ್ ಹವಳದ ದಿಬ್ಬಕ್ಕೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಟ್ರಿನಿಡಾಡ್‌ನಲ್ಲಿ ನೆಲ್ಸನ್ ದ್ವೀಪ, ರಿಯೂನಿಯನ್‌ನಲ್ಲಿ ಗ್ರಾಂಡ್ ಶಲೂಪ್‌ನ ಹಳೆ ಕ್ವಾರಂಟೈನ್ ಕಟ್ಟಡ, ಇವೂ ಇಂಥ ಜಾಗಗಳೇ.

ತೋಟದ ಹತ್ತಿರ ಒಂದು ಕೋವಿಲ್, ಅಂದರೆ ತಮಿಳರ ದೇವಸ್ಥಾನ, ಇದ್ದೇ ಇರುತ್ತದೆ. ಅಲ್ಲಿ ಹೋಗಿ ಕೂತರೆ ಆರ್ಕೈವ್ಸ್‌ನಲ್ಲಿ ಸಿಗದ್ದು ಸಿಗುತ್ತದೆ. "ಇಲ್ಲಿ ಕನ್ನಡದವರು ಯಾರಾದರೂ ಇದ್ದಾರಾ?" ಅಂತ ಮಾತ್ರ ಕೇಳಬೇಡಿ, ಬೇಜಾರಾಗುತ್ತದೆ. ಕನ್ನಡ ಮಾತಾಡುತ್ತಿದ್ದವರು ಬಂದವರೆಲ್ಲ ತಮಿಳರಲ್ಲೋ ತೆಲುಗರಲ್ಲೋ ಕರಗಿಹೋದರು. ದಕ್ಷಿಣದವರನ್ನೆಲ್ಲ ಫಿಜಿ, ಟ್ರಿನಿಡಾಡ್‌ಗಳಲ್ಲಿ 'ಮದ್ರಾಸಿ' ಅಂದರು, ರಿಯೂನಿಯನ್‌ನಲ್ಲಿ 'ಮಲಬಾರ್' ಅಂದರು. ಫಿಜಿಯಲ್ಲಿ ದಕ್ಷಿಣದವರೆಲ್ಲ ಸೇರಿ 1926ರಲ್ಲಿ ಕಟ್ಟಿದ ಸಂಗಂ ಇನ್ನೂ ಇದೆ, ಶಾಲೆಗಳನ್ನು ನಡೆಸುತ್ತದೆ, ವಿಚಾರಿಸಲು ಒಳ್ಳೆಯ ಜಾಗ.

ಏಳನೆಯದು: ನೆಂಟರು ಸಿಕ್ಕರೆ

ಇದು ಎಲ್ಲಕ್ಕಿಂತ ಸೂಕ್ಷ್ಮ. ಬಾಗಿಲು ತಟ್ಟಿ "ನಾನು ನಿಮ್ಮ ಅಣ್ಣ" ಅನ್ನಬೇಡಿ. ಅವರಿಗೆ ಮೊದಲು ಬರುವ ಯೋಚನೆ, ಇವನು ಯಾಕೆ ಬಂದ, ಆಸ್ತಿಗಾ ಅಂತ. ಸಹಜ. ಮೊದಲು ಯಾರಾದರೂ ಗೊತ್ತಿರುವವರ ಮೂಲಕ ಹೇಳಿ ಕಳಿಸಿ, ರಿಜಿಸ್ಟರ್ ಪ್ರತಿಯ ಒಂದು ಜೆರಾಕ್ಸ್ ಕೊಡಿ, ಅವರೇ ಕರೆಯುವ ತನಕ ಕಾಯಿರಿ. ಜಾತಿ ಕೇಳಬೇಡಿ. ಗೋತ್ರ ಕೇಳಬೇಡಿ. ಮದುವೆ ಯಾರನ್ನು ಆದರು ಅಂತ ಕೇಳಬೇಡಿ. ಅವರು ಕ್ರಿಯೋಲ್‌ನಲ್ಲೋ ಫಿಜಿ ಹಿಂದಿಯಲ್ಲೋ ಮಾತಾಡುತ್ತಾರೆ, ನಿಮ್ಮ ಹಿಂದಿ ಕೇಳಿ ನಕ್ಕರೆ ನೀವೂ ನಗಿ. ಊರಿನಿಂದ ತೆಗೆದುಕೊಂಡು ಹೋಗುವುದಾದರೆ ತಿಂಡಿ, ಬೀಜ, ಮಣ್ಣು ಬೇಡ. ಈ ದ್ವೀಪಗಳ ಕಸ್ಟಮ್ಸ್‌ನವರು ಅದಕ್ಕೆ ಬಿಡುವುದಿಲ್ಲ. ಊರ ದೇವಸ್ಥಾನದ ಫೋಟೋ, ಹಳೆ ಮನೆಯ ಫೋಟೋ, ಅಜ್ಜಿ ಮಾತಾಡಿದ ಆ ರೆಕಾರ್ಡಿಂಗ್ ತೆಗೆದುಕೊಂಡು ಹೋಗಿ. ಫಿಜಿಯಲ್ಲಿ ಮೂಲನಿವಾಸಿಗಳ ಹಳ್ಳಿಗೆ ಹೋಗುವ ಪ್ರಸಂಗ ಬಂದರೆ ಯಾಂಗೋನಾ ಬೇರಿನ ಒಂದು ಕಟ್ಟು ಕೊಟ್ಟು ಅನುಮತಿ ಕೇಳುವುದು ಅಲ್ಲಿನ ರೀತಿ.

ಸಂಬಂಧ ನಿಜವೋ ಅಂತ ಅನುಮಾನ ಇದ್ದರೆ ಡಿಎನ್ಎ ಪರೀಕ್ಷೆ ಮಾಡಿಸೋಣ ಅಂತ ಈಗ ಎಲ್ಲರೂ ಹೇಳುತ್ತಾರೆ. ಮಾಡಿಸಿ, ಆದರೆ ಅತಿ ನಂಬಬೇಡಿ. ಅಣ್ಣತಮ್ಮಂದಿರಿಂದ ನಾಲ್ಕೈದು ತಲೆಮಾರು ಕೆಳಗೆ ಬಂದ ಇಬ್ಬರಲ್ಲಿ ಹೊಂದುವ ತುಣುಕೇ ಉಳಿಯದೆ ಹೋಗುವುದು ತುಂಬಾ ಸಾಮಾನ್ಯ. ಹೊಂದಲಿಲ್ಲ ಅಂದ ಮಾತ್ರಕ್ಕೆ ನೆಂಟರಲ್ಲ ಅಂತಲ್ಲ. ನಮ್ಮಲ್ಲಿ ಸಂಬಂಧದಲ್ಲೇ ಮದುವೆ ಮಾಡಿಕೊಂಡು ಬಂದಿರುವುದರಿಂದ ಹೊಂದಿದರೂ ಯಾವ ಕಡೆಯಿಂದ ಹೊಂದಿತು ಅಂತ ಬಿಡಿಸುವುದು ತಲೆನೋವು.

ಇನ್ನೊಂದು ಗೊತ್ತಿರಲಿ. ಮಾರಿಷಸ್‌ನ ಭಾರತೀಯ ಮೂಲದವರಿಗೆ ಏಳನೇ ತಲೆಮಾರಿನ ತನಕ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಕೊಡುವ ಅವಕಾಶವನ್ನು 2024ರಲ್ಲಿ ಭಾರತ ಘೋಷಿಸಿದೆ. ಹಾಗಾಗಿ ಅವರೂ ನಿಮ್ಮ ಹತ್ತಿರ ಊರಿನ ಕಾಗದ ಕೇಳಬಹುದು. ಇದ್ದದ್ದನ್ನು ಕೊಡಿ, ಇಲ್ಲದ್ದಕ್ಕೆ ಸಹಿ ಹಾಕಬೇಡಿ.

ಸಿಗದಿದ್ದರೆ?

ಸಿಗದೆ ಇರುವ ಸಾಧ್ಯತೆಯೇ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಹಡಗಿನಲ್ಲೇ ಸತ್ತವರು ಇಳಿದವರ ರಿಜಿಸ್ಟರ್‌ನಲ್ಲಿ ಇರುವುದಿಲ್ಲ, ಹಡಗಿನ ಡಾಕ್ಟರು ಬರೆದ ಸಾವಿನ ಪಟ್ಟಿ ಉಳಿದಿದ್ದರೆ ಅದನ್ನು ಕೇಳಿ. ಒಂದು ದ್ವೀಪದ ಕರಾರು ಮುಗಿಸಿ ಇನ್ನೊಂದಕ್ಕೆ ಹೋದವರಿದ್ದಾರೆ. ಹೆಸರು ಪೂರ್ತಿ ಬದಲಿಸಿಕೊಂಡವರಿದ್ದಾರೆ. ಹೀಗಾದಾಗ ನೀವು ನೋಡಿದ ರಿಜಿಸ್ಟರ್‌ಗಳ ಪಟ್ಟಿಯನ್ನು, ಯಾವ ಹಡಗಿನಿಂದ ಯಾವ ಹಡಗಿನ ತನಕ ನೋಡಿದಿರಿ ಅನ್ನುವುದನ್ನು ಬರೆದಿಡಿ. ಮನೆಯಲ್ಲಿ ಮುಂದೆ ಯಾರಾದರೂ ಹೋದರೆ ಮತ್ತೆ ಅದೇ ಪುಟ ತಿರುವಬಾರದು, ಅಲ್ವಾ?

ನನ್ನ ಹತ್ತಿರ ಈಗ ಮೂರು ನಂಬರ್ ಇವೆ. ಮೂರೂ 1878ರವು, ಮೂವರೂ ಮುನಿಯಪ್ಪನಂತೆ ಓದಬಹುದಾದ ಹೆಸರಿನವರು, ಮೂವರೂ ಮೈಸೂರಿನವರು. ಮೊಣಕಾಲಿನ ಗಾಯದವನ ಅಪ್ಪನ ಹೆಸರು 'ಚಿನಾಪಾ' ಅಂತಿದೆ. ನಮ್ಮ ದೊಡ್ಡಮ್ಮನಿಗೆ ಈಗ ತೊಂಬತ್ತು ದಾಟಿದೆ, ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಚಿನ್ನಪ್ಪ ಅನ್ನುವ ಹೆಸರನ್ನು ನಾನು ಬಾಯಿ ಬಿಟ್ಟು ಹೇಳದೆ, ಅವರ ತಾತನ ಅಪ್ಪನ ಹೆಸರು ಏನು ಅಂತ ಕೇಳಬೇಕು.